ಮೊಘಲ್-ಎ-ಆಜಂ: ಯಾವ ರೀಲು ಎಸೆಯೋದು, ಯಾವುದು ಇಟ್ಟುಕೊಳ್ಳೋದು?

(ಇದು ಈ ವಾರದ ಎಪಿಸೋಡಿನ ಬರಹ ರೂಪ. ಮಾತಿನಲ್ಲಿ ತೊದಲಿದ್ದನ್ನು, ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.)

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ, ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ. ಇವತ್ತು ಒಂದು ಸಿನಿಮಾದ ಕಥೆ. ಸಿನಿಮಾದೊಳಗಿನ ಕಥೆ ಅಲ್ಲ, ಅದನ್ನ ಮಾಡಿದವರ ಕಥೆ.

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ಈ ಎಪಿಸೋಡ್ ಮಾಡೋಕೆ ಕಾರಣ ನನ್ನದೇ ಒಂದು ಸಂಕಟ. ಈ ಪಾಡ್‌ಕಾಸ್ಟ್ ಶುರು ಮಾಡಿ ನಾಲ್ಕು ವರ್ಷ ಆಯ್ತು. ಮೊದಲ 23 ಎಪಿಸೋಡ್ ಇವೆಯಲ್ಲ, ಅವನ್ನ ಇವತ್ತು ಕೇಳಿದ್ರೆ ನನಗೇ ಮುಖ ಮುಚ್ಚಿಕೊಳ್ಳೋ ಹಾಗಾಗುತ್ತೆ. ಪಿಜಿ ರೂಮಲ್ಲಿ ಬೆಡ್‌ಶೀಟ್ ಹೊದ್ದುಕೊಂಡು ಫೋನಲ್ಲೇ ರೆಕಾರ್ಡ್ ಮಾಡಿದ್ದು. ಹಿಂದೆ ಫ್ಯಾನ್ ಸದ್ದು, ಕೆಳಗೆ ಕುಕ್ಕರ್ ವಿಷಲ್. ಹೊಸಬರು ಬಂದವರು ಒಂದನೇ ಎಪಿಸೋಡಿಂದ ಶುರು ಮಾಡಿ, ಮೂರು ನಿಮಿಷಕ್ಕೆ ಸಾಕಾಗಿ ಎದ್ದು ಹೋಗ್ತಾರೆ. ಮೊನ್ನೆ ಒಬ್ಬ ಸ್ಪಾನ್ಸರ್ ಕಡೆಯವರು, ಹಳೇದನ್ನೆಲ್ಲ ತೆಗೆದುಬಿಡಿ, ಆಮೇಲೆ ಕೂತು ಮಾತಾಡೋಣ ಅಂದ್ರು. ಡಿಲೀಟ್ ಬಟನ್ ಮೇಲೆ ಬೆರಳಿಟ್ಟು ಕೂತಿದ್ದೀನಿ. ಆದ್ರೆ ಆ 23ರಲ್ಲಿ ನಾನೊಬ್ಬನೇ ಇಲ್ಲ. ನನ್ನ ಜೊತೆ ಶುರು ಮಾಡಿದ ಗೆಳೆಯನೂ ಇದ್ದಾನೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಹಿಂಗೆ ಕೂತಾಗ ನೆನಪಾದವರು ಕೆ. ಆಸಿಫ್.

ಮೊಘಲ್-ಎ-ಆಜಂ ಹೆಸರು ಕೇಳದವರು ಕಡಿಮೆ. ಪೃಥ್ವಿರಾಜ್ ಕಪೂರ್ ಅಕ್ಬರ್, ದಿಲೀಪ್ ಕುಮಾರ್ ಸಲೀಂ, ಮಧುಬಾಲಾ ಅನಾರ್ಕಲಿ. ಬಿಡುಗಡೆ ಆಗಿದ್ದು 1960ರ ಆಗಸ್ಟ್ 5ಕ್ಕೆ. ಆದ್ರೆ ಈ ಮೂವರೂ ಅದರ ಮೊದಲ ತಾರಾಗಣ ಅಲ್ಲ. ಅದು ಎಷ್ಟು ಜನಕ್ಕೆ ಗೊತ್ತು?

ಆಸಿಫ್ ಹುಟ್ಟಿದ್ದು 1922ರಲ್ಲಿ, ಉತ್ತರ ಪ್ರದೇಶದ ಇಟಾವಾದಲ್ಲಿ. ವಿಚಿತ್ರ ಅಂದ್ರೆ ಅದೇ 1922ರಲ್ಲಿ ಇಮ್ತಿಯಾಜ್ ಅಲಿ ತಾಜ್ ಅವರು ‘ಅನಾರ್ಕಲಿ’ ಅನ್ನೋ ಉರ್ದು ನಾಟಕ ಬರೆದ್ರು. ಈ ಸಿನಿಮಾದ ಮೂಲ ಆ ನಾಟಕವೇ. ಇಲ್ಲೇ ಒಂದು ಮಾತು: ಅನಾರ್ಕಲಿ ಅನ್ನೋ ಹೆಣ್ಣು ಅಕ್ಬರನ ಆಸ್ಥಾನದಲ್ಲಿ ನಿಜಕ್ಕೂ ಇದ್ದಳು ಅನ್ನೋಕೆ ಗಟ್ಟಿ ಸಾಕ್ಷಿ ಇಲ್ಲ. ಆದ್ದರಿಂದ ಇದನ್ನ ಮೊಘಲರ ಇತಿಹಾಸ ಅಂತ ಕೇಳಬೇಡಿ, ಬಾಂಬೆಯ ಇತಿಹಾಸ ಅಂತ ಕೇಳಿ.

1945ರಲ್ಲಿ ಆಸಿಫ್ ‘ಫೂಲ್’ ಅಂತ ಒಂದೇ ಒಂದು ಸಿನಿಮಾ ನಿರ್ದೇಶನ ಮಾಡಿದ್ರು. 1946ರಲ್ಲಿ ಮೊಘಲ್-ಎ-ಆಜಂ ಶೂಟಿಂಗ್ ಶುರು. ಆಗ ಆಸಿಫ್ ವಯಸ್ಸು 24. ನಾನು 24ಕ್ಕೆ ಟ್ಯಾಲಿ ಕ್ಲಾಸ್‌ಗೆ ಹೋಗ್ತಿದ್ದೆ, ಇರಲಿ. ನಿರ್ಮಾಪಕ ಶಿರಾಜ್ ಅಲಿ ಹಕೀಂ. ಅಕ್ಬರನ ಪಾತ್ರಕ್ಕೆ ಚಂದ್ರಮೋಹನ್, ಆ ಕಾಲದ ದೊಡ್ಡ ನಟ, ಕಣ್ಣಿಗೇ ಹೆಸರಾದವರು. ಸಲೀಮನಾಗಿ ಡಿ. ಕೆ. ಸಪ್ರು. ಅನಾರ್ಕಲಿಯಾಗಿ ನರ್ಗಿಸ್, ಆಗಿನ್ನೂ ಅವರಿಗೆ 17 ವರ್ಷ.

ಮುಂದಿನ ವರ್ಷ ದೇಶ ಇಬ್ಭಾಗ ಆಯ್ತು. ಹಕೀಂ ಪಾಕಿಸ್ತಾನಕ್ಕೆ ಹೊರಟುಹೋದ್ರು. ದುಡ್ಡು ಹಾಕೋರೇ ಇಲ್ಲದ ಮೇಲೆ ಶೂಟಿಂಗ್ ಎಲ್ಲಿಂದ ನಡೆಯಬೇಕು? ನಿಂತುಹೋಯ್ತು. 1949ರಲ್ಲಿ ಚಂದ್ರಮೋಹನ್ ತೀರಿಕೊಂಡ್ರು. ಅಕ್ಬರನೇ ಇಲ್ಲ ಅಂದ್ರೆ ‘ಮೊಘಲ್-ಎ-ಆಜಂ’ ಅನ್ನೋ ಹೆಸರಿಗೇ ಅರ್ಥ ಇಲ್ಲ, ಆ ಹೆಸರು ಅಕ್ಬರನದ್ದೇ ಅಲ್ವಾ.

ಹಕೀಂ ಹೋಗೋ ಮುಂಚೆ ಆಸಿಫ್‌ಗೆ ಒಂದು ಹೆಸರು ಕೊಟ್ಟು ಹೋಗಿದ್ರು: ಶಾಪೂರ್ಜಿ ಪಲ್ಲೋಂಜಿ. ಕಟ್ಟಡ ಕಟ್ಟೋ ಪಾರ್ಸಿ ಉದ್ಯಮಿ. ಸಿನಿಮಾದ ಗಂಧ ಗಾಳಿ ಇಲ್ಲ. ಆದ್ರೆ ಅಕ್ಬರ್ ಅಂದ್ರೆ ಅವರಿಗೆ ಎಲ್ಲಿಲ್ಲದ ಆಸಕ್ತಿ. 1950ರ ಸುಮಾರಿಗೆ ಒಪ್ಪಿಕೊಂಡ್ರು.

ಈಗ ನಿಮ್ಮನ್ನ ಆಸಿಫ್ ಜಾಗದಲ್ಲಿ ಕೂರಿಸ್ತೀನಿ. ಕೈಯಲ್ಲಿ ಹಳೇ ರೀಲುಗಳಿವೆ. ಹೊಸ ದುಡ್ಡು ಬಂದಿದೆ. ಒಬ್ಬ ನಟ ಸತ್ತಿದ್ದಾನೆ. ಉಳಿದವರಲ್ಲಿ ನರ್ಗಿಸ್ ಈಗ ಅಂದಿನ ಹುಡುಗಿ ಅಲ್ಲ. 1949ರಲ್ಲಿ ‘ಅಂದಾಜ್’, ‘ಬರ್ಸಾತ್’ ಎರಡೂ ಬಂದು ಎಲ್ಲಿಗೋ ಹೋಗಿಬಿಟ್ಟಿದ್ದಾರೆ. ಚಂದ್ರಮೋಹನ್ ಇಲ್ಲದ ದೃಶ್ಯಗಳನ್ನಾದ್ರೂ ಉಳಿಸಿಕೊಳ್ಳಬಹುದಾ? ಅಕ್ಬರನ ಭಾಗ ಮಾತ್ರ ಬೇರೆಯವರ ಕೈಲಿ ಮಾಡಿಸಿ ಅಂಟಿಸಬಹುದಾ?

ಆಸಿಫ್ ಅಂಟಿಸೋಕೆ ಹೋಗಲಿಲ್ಲ. ಎಲ್ಲ ಬಿಟ್ಟು ಮೊದಲಿಂದ ಶುರು. ಪೃಥ್ವಿರಾಜ್ ಬಂದ್ರು, ಮಧುಬಾಲಾ ಬಂದ್ರು. ದಿಲೀಪ್ ಕುಮಾರ್ ಅವರನ್ನ ಹಿಂದೆ ಇದೇ ಸಲೀಂ ಪಾತ್ರಕ್ಕೆ ಬೇಡ ಅಂದಿದ್ದವರೇ ಈಗ ಕರೆದು ಕೂರಿಸಿದ್ರು.

ನಮ್ಮ ಬಿ.ಕಾಂನಲ್ಲಿ ಕಾಸ್ಟಿಂಗ್ ಪೇಪರ್ ಇತ್ತು. ಅದರಲ್ಲಿ ಸಂಕ್ ಕಾಸ್ಟ್ ಅಂತ ಒಂದು ಪಾಠ. ಮುಳುಗಿದ ದುಡ್ಡು. ಒಂದು ಕೆಲಸಕ್ಕೆ ಈಗಾಗಲೇ ಖರ್ಚಾಗಿ, ಏನು ಮಾಡಿದ್ರೂ ವಾಪಸ್ ಬರದ ದುಡ್ಡನ್ನ ಮುಂದಿನ ನಿರ್ಧಾರದ ಲೆಕ್ಕಕ್ಕೆ ತರಬಾರದು ಅಂತ. ಪರೀಕ್ಷೆಗೆ ಐದು ಮಾರ್ಕಿನ ಪ್ರಶ್ನೆ, ಬಾಯಿಪಾಠ ಮಾಡಿ ಬರೆದು ಬಂದಿದ್ವಿ. ಆ ಪಾಠದ ಪ್ರಕಾರ ನೋಡಿದ್ರೆ ಆಸಿಫ್ ಮಾಡಿದ್ದು ಸರಿ. ಮುಳುಗಿದ್ದು ಮುಳುಗಿತು. ತಮಾಷೆ ಅಂದ್ರೆ, ಅಲ್ಲಿ ಮುಳುಗಿದ್ದು ಹಕೀಂ ದುಡ್ಡು, ಮುಂದೆ ಸುರಿಯಬೇಕಾಗಿದ್ದು ಶಾಪೂರ್ಜಿ ದುಡ್ಡು. ಆಸಿಫ್ ಕಳೆದುಕೊಂಡಿದ್ದು ವಯಸ್ಸು. ವಯಸ್ಸಿಗೆ ಲೆಡ್ಜರಿನಲ್ಲಿ ಕಾಲಂ ಇಲ್ಲ.

ಅಷ್ಟರಲ್ಲಿ ಇನ್ನೊಂದು ಪೆಟ್ಟು. 1953ರಲ್ಲಿ ಫಿಲ್ಮಿಸ್ತಾನ್ ಸಂಸ್ಥೆ ‘ಅನಾರ್ಕಲಿ’ ಅಂತಲೇ ಸಿನಿಮಾ ಮಾಡಿ ಬಿಡುಗಡೆ ಮಾಡಿಬಿಡ್ತು. ಬೀನಾ ರಾಯ್, ಪ್ರದೀಪ್ ಕುಮಾರ್. ಭರ್ಜರಿ ಹಿಟ್. ನೀವು ಏಳು ವರ್ಷದಿಂದ ಹೊತ್ತುಕೊಂಡ ಕಥೆಯನ್ನ ಪಕ್ಕದ ಮನೆಯವರು ಹೇಳಿ ಮುಗಿಸಿ ಚಪ್ಪಾಳೆ ತಗೊಂಡು ಹೋದ ಹಾಗೆ. ಇಲ್ಲೂ ಆಸಿಫ್ ನಿಲ್ಲಿಸಲಿಲ್ಲ. ಧೈರ್ಯ ಅನ್ನಬೇಕೋ ಹಠ ಅನ್ನಬೇಕೋ, ಮನೆಯವರನ್ನ ಕೇಳಿದ್ರೆ ಗೊತ್ತಾಗ್ತಿತ್ತು.

ಮುಂದಿನ ವರ್ಷಗಳ ಕಥೆ ನಿಮಗೆ ಅಲ್ಲಲ್ಲಿ ಕೇಳಿ ಗೊತ್ತಿರುತ್ತೆ, ಬೇಗ ಹೇಳಿಬಿಡ್ತೀನಿ. ಬಟ್ಟೆ ಹೊಲಿಯೋರು ದೆಹಲಿಯಿಂದ, ಕಸೂತಿಯವರು ಸೂರತ್‌ನಿಂದ, ಒಡವೆ ಹೈದರಾಬಾದಿನಿಂದ, ಚಪ್ಪಲಿ ಆಗ್ರಾದಿಂದ. ಯುದ್ಧದ ದೃಶ್ಯಕ್ಕೆ ಒಂಟೆ, ಕುದುರೆ, ಸೈನ್ಯದ ನಿಜವಾದ ಸಿಪಾಯಿಗಳು. ನೌಷಾದ್ ಅವರು 20ರಷ್ಟು ಹಾಡು ಮಾಡಿಕೊಟ್ರು, ಉದ್ದ ಜಾಸ್ತಿ ಆಯ್ತು ಅಂತ ಹೆಚ್ಚುಕಡಿಮೆ ಅರ್ಧದಷ್ಟನ್ನ ಸಿನಿಮಾದಲ್ಲಿ ಬಿಟ್ಟೇಬಿಟ್ರು. ಯೋಚನೆ ಮಾಡಿ: ಶಕೀಲ್ ಬದಾಯೂನಿ ಸಾಹಿತ್ಯ, ನೌಷಾದ್ ಸಂಗೀತ, ರೆಕಾರ್ಡ್ ಆಗಿ ಮುಗಿದ ಹಾಡು, ಅದು ಬೇಡ! ನಾನಾದ್ರೆ ಒಂದೊಂದನ್ನೂ ಬೋನಸ್ ಎಪಿಸೋಡ್ ಅಂತ ಬಿಡ್ತಿದ್ದೆ.

ಶೀಷ್ ಮಹಲ್ ಹತ್ತಿರ ಮಾತ್ರ ನಿಲ್ಲಲೇಬೇಕು. ಕನ್ನಡಿಯ ಅರಮನೆ. ಮೋಹನ್ ಸ್ಟುಡಿಯೋದಲ್ಲಿ ಕಟ್ಟಿದ್ದು. 150 ಅಡಿ ಉದ್ದ, 80 ಅಡಿ ಅಗಲ, 35 ಅಡಿ ಎತ್ತರ. ಗಾಜು ಬೆಲ್ಜಿಯಂನಿಂದ, ಅದನ್ನ ಕೂರಿಸೋ ಕೆಲಸಗಾರರು ಫಿರೋಜಾಬಾದ್‌ನವರು. ಎರಡು ವರ್ಷ ಹಿಡೀತು. ಖರ್ಚು 15 ಲಕ್ಷಕ್ಕೂ ಮೇಲೆ, ಅದಕ್ಕಿಂತ ಕಡಿಮೆ ದುಡ್ಡಲ್ಲಿ ಒಂದು ಇಡೀ ಸಿನಿಮಾ ಮುಗೀತಿದ್ದ ಕಾಲ ಅದು. ಕಟ್ಟಿ ಮುಗಿಸಿ ಲೈಟ್ ಹಾಕಿದ್ರೆ, ಕ್ಯಾಮೆರಾಕ್ಕೆ ಬರೀ ಝಗಝಗ! ಒಂದೊಂದು ಕನ್ನಡಿಯಿಂದಲೂ ಬೆಳಕು ತಿರುಗಿ ಲೆನ್ಸಿಗೆ ಹೊಡೀತಿದೆ. ಇದರಲ್ಲಿ ಶೂಟ್ ಮಾಡೋಕಾಗಲ್ಲ ಅಂತ ಹೊರದೇಶದ ತಂತ್ರಜ್ಞರೂ ಕೈಯಾಡಿಸಿಬಿಟ್ರು. ಶಾಪೂರ್ಜಿ ತಾಳ್ಮೆ ಇಲ್ಲೇ ಮುಗಿದಿದ್ದು. ಆಸಿಫ್ ಬೇಡ, ಸೊಹ್ರಾಬ್ ಮೋದಿ ಅವರ ಕೈಗೆ ಕೊಡೋಣ ಅನ್ನೋವರೆಗೂ ಮಾತು ಹೋಗಿತ್ತು ಅಂತ ಈ ಸಿನಿಮಾದ ಬಗ್ಗೆ ಬರೆದವರು ಹೇಳ್ತಾರೆ. ಕೊನೆಗೆ ದಾರಿ ಹುಡುಕಿದ್ದು ಛಾಯಾಗ್ರಾಹಕ ಆರ್. ಡಿ. ಮಾಥುರ್. ನೇರ ಬೆಳಕು ಬಿಡದೆ, ಬೇರೆ ಕಡೆ ಬಿಟ್ಟು ಅಲ್ಲಿಂದ ತಿರುಗಿ ಬಂದ ಮೆತ್ತಗಿನ ಬೆಳಕಲ್ಲೇ ಶೂಟ್ ಮಾಡಿದ್ರು.

ಆ ಹಾಡನ್ನ ತೆಗೆದಿದ್ದು ಕಲರ್‌ನಲ್ಲಿ. ಟೆಕ್ನಿಕಲರ್. ಅಲ್ಲಿವರೆಗೆ ಶೂಟ್ ಆದದ್ದೆಲ್ಲ ಕಪ್ಪು-ಬಿಳುಪು. ಕಲರ್ ಪ್ರಿಂಟ್ ಬಂತು, ಆಸಿಫ್ ನೋಡಿದ್ರು, ತಲೆ ಕೆಟ್ಟುಹೋಯ್ತು. ಆ ಕೆಂಪು, ಆ ಹಸಿರು! ಕ್ಲೈಮ್ಯಾಕ್ಸಿನ ಕೆಲವು ರೀಲುಗಳನ್ನೂ ಕಲರ್‌ನಲ್ಲೇ ತೆಗೆದ್ರು. ಆಮೇಲೆ ಹೇಳಿದ್ದು: ಉಳಿದಿದ್ದನ್ನೂ ಮತ್ತೆ ಶೂಟ್ ಮಾಡೋಣ. ಇಡೀ ಸಿನಿಮಾನ. ಕಲರ್‌ನಲ್ಲಿ.

ನಗಬೇಡಿ. ಆ ಮಾತಲ್ಲಿ ಲೆಕ್ಕಾಚಾರವೂ ಇತ್ತು. 1952ರಲ್ಲಿ ಮೆಹಬೂಬ್ ಖಾನ್ ‘ಆನ್’ ಕಲರ್‌ನಲ್ಲಿ ತಂದಿದ್ರು, 1957ರಲ್ಲಿ ‘ಮದರ್ ಇಂಡಿಯಾ’. ರಾಜ-ರಾಣಿ-ಅರಮನೆ ಸಿನಿಮಾ ಕಪ್ಪು-ಬಿಳುಪಲ್ಲಿ ಬಂದ್ರೆ ಬರೋ ಹೊತ್ತಿಗೇ ಹಳೇದಾಗಿರುತ್ತೆ ಅನ್ನೋ ಭಯ ಸುಳ್ಳಲ್ಲ. ಮತ್ತೆ ಆಸಿಫ್ ಈಗಾಗಲೇ ಒಂದು ಸಲ ಎಲ್ಲ ಎಸೆದು ಗೆದ್ದವರು. ಒಂದು ಸಲ ಎಸೆದು ರೂಢಿ ಆದವರಿಗೆ ಎರಡನೇ ಸಲ ಕೈ ನಡುಗಲ್ಲ.

ಶಾಪೂರ್ಜಿ ಮತ್ತು ವಿತರಕರು ಆಗಲ್ಲ ಅಂದ್ರು. ಇನ್ನು ಕಾಯೋಕಾಗಲ್ಲ, ಇರೋದನ್ನ ಬಿಡುಗಡೆ ಮಾಡಿ.

ಈಗ ಆ ಸಂಕ್ ಕಾಸ್ಟ್ ಪಾಠಕ್ಕೆ ವಾಪಸ್ ಬರೋಣ. ಅದನ್ನ ನಾವೆಲ್ಲ ಅರ್ಧ ಮಾತ್ರ ಕಲಿತಿದ್ದೀವಿ ಅಂತ ನನಗೆ ಈಚೆಗೆ ಅನ್ನಿಸ್ತಿದೆ. ಯೂಟ್ಯೂಬ್ ಬಿಸಿನೆಸ್ ಗುರುಗಳೆಲ್ಲ ಏನು ಹೇಳ್ತಾರೆ? ‘ಹಳೇದನ್ನ ಬಿಡಿ, ಮುಂದೆ ಹೋಗಿ.’ ಪಾಠ ಹಾಗೆ ಹೇಳಲ್ಲ. ಪಾಠ ಹೇಳೋದು, ಖರ್ಚಾದದ್ದನ್ನ ಮರೆತು, ಇಲ್ಲಿಂದ ಮುಂದಕ್ಕೆ ಎರಡು ದಾರಿಯಲ್ಲೂ ಎಷ್ಟು ಹೋಗುತ್ತೆ, ಎಷ್ಟು ಬರುತ್ತೆ ನೋಡು ಅಂತ. 1950ರಲ್ಲಿ ನೋಡಿದ್ರೆ, ಹಳೇ ರೀಲಿಂದ ಮುಂದಕ್ಕೆ ದಾರಿಯೇ ಇರಲಿಲ್ಲ. ಮುಗಿಸೋಕೆ ನಟನೇ ಇಲ್ಲ. ಆದ್ರೆ 1950ರ ದಶಕದ ಕೊನೆಗೆ ನೋಡಿದ್ರೆ, ಕಪ್ಪು-ಬಿಳುಪು ಭಾಗ ಬಹುತೇಕ ಮುಗಿದಿದೆ. ಅದನ್ನ ಇಟ್ಟುಕೊಂಡು ಬಿಡುಗಡೆ ಮಾಡೋಕೆ ಬೇಕಾದ್ದು ಸ್ವಲ್ಪ. ಮತ್ತೆ ತೆಗೆಯೋಕೆ ಬೇಕಾದ್ದು ಬೆಟ್ಟದಷ್ಟು. ಹಳೇ ಖರ್ಚನ್ನ ಪೂರ್ತಿ ಸೊನ್ನೆ ಅಂದುಕೊಂಡ್ರೂ, ಇಟ್ಟುಕೊಳ್ಳೋದೇ ಲಾಭ. ಒಂದೇ ಸೂತ್ರ, ಒಂದೇ ಸಿನಿಮಾ, ಒಂದು ಸಲ ‘ಎಸೆ’ ಅನ್ನುತ್ತೆ, ಇನ್ನೊಂದು ಸಲ ‘ಮುಟ್ಟಬೇಡ’ ಅನ್ನುತ್ತೆ. ಕಟ್ಟಡದ ಕಂಟ್ರಾಕ್ಟರ್ ಶಾಪೂರ್ಜಿಗೆ ಇದು ಹೊಸದೇನಲ್ಲ. ಗೋಡೆ ಎದ್ದು ಛಾವಣಿ ಹಾಕಿದ ಮೇಲೆ ಪಾಯ ಬದಲಾಯಿಸ್ತೀನಿ ಅಂದವರನ್ನ ಎಷ್ಟು ಜನ ನೋಡಿದ್ರೋ!

ಇನ್ನೂ ಒಂದಿದೆ, ಅದು ಯಾವ ಲೆಕ್ಕದ ಪುಸ್ತಕಕ್ಕೂ ಸಿಗಲ್ಲ. ಮಧುಬಾಲಾ ಅವರಿಗೆ ಹುಟ್ಟಿನಿಂದಲೇ ಹೃದಯದಲ್ಲಿ ತೂತಿತ್ತು. ಜೈಲಿನ ದೃಶ್ಯಗಳಲ್ಲಿ ಅವರ ಮೈಮೇಲಿರೋ ಸರಪಳಿ ನಿಜವಾದ ಕಬ್ಬಿಣದ್ದು. ಅದನ್ನ ಹೊತ್ತು ನಿಂತು ನಿಂತು ಸುಸ್ತಾಗಿ ಹಾಸಿಗೆ ಹಿಡಿದದ್ದೂ ಉಂಟು. ಶೂಟಿಂಗ್ ಶುರುವಾದಾಗ ಅವರೂ ದಿಲೀಪ್ ಕುಮಾರೂ ಪ್ರೀತಿಸ್ತಿದ್ರು. ಮುಗಿಯೋ ಹೊತ್ತಿಗೆ ಒಬ್ಬರ ಜೊತೆ ಒಬ್ಬರು ಮಾತಾಡ್ತಿರಲಿಲ್ಲ. ನಡುವೆ ‘ನಯಾ ದೌರ್’ ಸಿನಿಮಾದ ಜಗಳ ಕೋರ್ಟಿಗೆ ಹೋಗಿ, ದಿಲೀಪ್ ಅವರು ನಿರ್ದೇಶಕರ ಪರ ಸಾಕ್ಷಿ ಹೇಳಿದ್ದರು. ಪೂರ್ತಿ ಮತ್ತೆ ಶೂಟ್ ಮಾಡೋಣ ಅಂದ್ರೆ ಏನರ್ಥ? ಆ ಸರಪಳಿಯನ್ನ ಅದೇ ಹೃದಯದ ಮೇಲೆ ಇನ್ನೊಂದು ಸಲ ಹೊರಿಸೋದು. ಮುರಿದುಹೋದ ಪ್ರೀತಿಯನ್ನ ಮುಖದ ಮೇಲೆ ಇನ್ನೊಂದು ಸಲ ತರಿಸೋದು. 1969ರ ಫೆಬ್ರವರಿಯಲ್ಲಿ ಮಧುಬಾಲಾ ತೀರಿಕೊಂಡಾಗ ಅವರಿಗೆ ಬರೀ 36. ಕಪ್ಪು-ಬಿಳುಪು ರೀಲಲ್ಲಿರೋ ಆ ಮುಖವನ್ನ ಮತ್ತೆ ತೆಗೆಯೋಕೆ ಸಾಧ್ಯವೇ ಇರಲಿಲ್ಲ ಅಂತ ನನ್ನ ನಂಬಿಕೆ. ಆಸಿಫ್‌ಗೆ ಆ ಕ್ಷಣದಲ್ಲಿ ಅದು ಕಂಡಿತ್ತಾ? ನನಗೆ ಅನುಮಾನ.

ಹೀಗೆ ಸಿನಿಮಾ ಬಂತು. ಸುಮಾರು 85 ಭಾಗ ಕಪ್ಪು-ಬಿಳುಪು, 15 ಭಾಗ ಕಲರ್. 3 ಗಂಟೆ 17 ನಿಮಿಷ. ಮುಂಬೈನ ಮರಾಠಾ ಮಂದಿರದಲ್ಲಿ ಪ್ರೀಮಿಯರ್, ಟಿಕೆಟ್ ಕೌಂಟರ್ ಮುಂದೆ ಜಾತ್ರೆ. 1975ರಲ್ಲಿ ‘ಶೋಲೆ’ ಬರೋವರೆಗೆ ಗಳಿಕೆಯಲ್ಲಿ ಇದನ್ನ ದಾಟಿದ ಹಿಂದಿ ಸಿನಿಮಾ ಇರಲಿಲ್ಲ. ತಮಿಳಿನಲ್ಲೂ ‘ಅಕ್ಬರ್’ ಅಂತ 1961ರಲ್ಲಿ ಬಂತು, ಓಡಲಿಲ್ಲ. ಇಂಗ್ಲಿಷಲ್ಲಿ ತರೋ ಯೋಚನೆ ಅಲ್ಲಿಗೇ ನಿಂತಿತು.

ನೀವು ಆ ಮೂಲ ಪ್ರಿಂಟ್ ನೋಡಿದ್ದೀರಾ? ಕಲರ್ ಅಲ್ಲ, ಮೂಲದ್ದು. ನಾನು ಮೊದಲು ನೋಡಿದ್ದು ಕಲರ್ ಆವೃತ್ತಿ, ಮೂಲ ನೋಡಿದ್ದು ಈಚೆಗೆ, ಈ ಎಪಿಸೋಡಿಗೋಸ್ಕರ. ಗಂಟೆಗಟ್ಟಲೆ ಕಪ್ಪು-ಬಿಳುಪು ನೋಡಿ ಕಣ್ಣು ಅದಕ್ಕೆ ಒಗ್ಗಿಹೋಗಿರುತ್ತೆ. ಬಣ್ಣ ಅನ್ನೋದು ಇದೆ ಅಂತಲೇ ಮರೆತಿರ್ತೀವಿ. ಆಗ ಇದ್ದಕ್ಕಿದ್ದ ಹಾಗೆ ಶೀಷ್ ಮಹಲ್ ತೆರೆದುಕೊಳ್ಳುತ್ತೆ, ಬಣ್ಣ ಬಂದು ಮುಖಕ್ಕೆ ಬಡಿಯುತ್ತೆ. ಒಬ್ಬ ದಾಸಿ ಹುಡುಗಿ ಬಾದಶಹನ ಎದುರು ನಿಂತು ನನಗೆ ಭಯ ಇಲ್ಲ ಅಂತ ಹಾಡ್ತಾಳೆ, ಛಾವಣಿಯ ಪ್ರತಿ ಕನ್ನಡಿಯಲ್ಲೂ ಅವಳೇ. ನಾನು ಫೋನ್ ಪಕ್ಕಕ್ಕಿಟ್ಟೆ, ನಂಬಿ. ಆಸಿಫ್ ಕೇಳಿದ್ದು ಸಿಕ್ಕಿದ್ರೆ ಈ ಏಟು ಇರ್ತಿರಲಿಲ್ಲ. ದುಡ್ಡು ಕೊಡಲ್ಲ ಅಂದವರಿಂದ ಬಂದ ಚಂದ ಇದು.

2004ರ ನವೆಂಬರ್ 12ಕ್ಕೆ ಶಾಪೂರ್ಜಿ ಕುಟುಂಬದ ಸಂಸ್ಥೆಯೇ ಇಡೀ ಸಿನಿಮಾಕ್ಕೆ ಕಂಪ್ಯೂಟರಲ್ಲಿ ಬಣ್ಣ ತುಂಬಿಸಿ ಬಿಡುಗಡೆ ಮಾಡಿತು. ಅದೇ ದಿನ ‘ವೀರ್ ಝಾರಾ’ ಕೂಡ ಬಂದಿತ್ತು. ಶಬ್ದವನ್ನೂ ಹೊಸದಾಗಿ ಮಾಡಿದ್ರು, ಉದ್ದ ಸುಮಾರು 20 ನಿಮಿಷ ಕಡಿಮೆ ಮಾಡಿದ್ರು. ಆಸಿಫ್ ಕನಸು ನನಸಾಯ್ತು ಅಂತ ಪೇಪರ್‌ನೋರೆಲ್ಲ ಬರೆದ್ರು. ಆ ದಾರಿಯಲ್ಲೇ ನಮ್ಮಲ್ಲೂ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಬಳಿದುಕೊಂಡು ಥಿಯೇಟರಿಗೆ ಬಂದವು. ರಾಜ್‌ಕುಮಾರ್ ಅವರನ್ನ ದೊಡ್ಡ ಪರದೆಯಲ್ಲಿ ನೋಡೋ ಭಾಗ್ಯ ನಮ್ಮ ವಯಸ್ಸಿನವರಿಗೆ ಹಾಗೆ ಸಿಕ್ಕಿತು, ಅದಕ್ಕೆ ಋಣಿ. ಆದ್ರೆ ಬಣ್ಣದ ಮೊಘಲ್-ಎ-ಆಜಂನಲ್ಲಿ ಶೀಷ್ ಮಹಲ್ ಬಂದಾಗ ಏನಾಗುತ್ತೆ ಗೊತ್ತಾ? ಏನೂ ಆಗಲ್ಲ. ಸೆಟ್ ಚೆನ್ನಾಗಿದೆ ಅನ್ನಿಸುತ್ತೆ ಅಷ್ಟೇ. ಒಂದು ಮಾತ್ರ ಒಪ್ಪಬೇಕು: 2004ರವರು ಹಳೆಯ ನೆಗೆಟಿವ್ ಎಸೆಯಲಿಲ್ಲ. ಅದಕ್ಕೇ ಇವತ್ತು ಎರಡನ್ನೂ ನೋಡಿ ನಾನು ಹೀಗೆ ತಗಾದೆ ತೆಗೆಯೋಕಾಗ್ತಿದೆ.

ಆಸಿಫ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೊಘಲ್-ಎ-ಆಜಂ ಆದ ಮೇಲೆ ಲೈಲಾ-ಮಜ್ನು ಕಥೆ ಹಿಡಿದ್ರು, ‘ಲವ್ ಅಂಡ್ ಗಾಡ್’. ಪೂರ್ತಿ ಕಲರ್! ಗುರುದತ್ ಮಜ್ನು, ನಿಮ್ಮಿ ಲೈಲಾ. ಸ್ವಲ್ಪ ಶೂಟಿಂಗ್ ಆಯ್ತು, 1964ರ ಅಕ್ಟೋಬರಿನಲ್ಲಿ ಗುರುದತ್ ತೀರಿಕೊಂಡ್ರು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಗುರುದತ್ ಇದ್ದದ್ದನ್ನ ಬಿಟ್ಟು, ಸಂಜೀವ್ ಕುಮಾರ್ ಅವರನ್ನ ಹಾಕಿಕೊಂಡು ಹೊಸದಾಗಿ ಶುರು. ಈ ಸಲ ಟೈಮ್ ಸಿಗಲಿಲ್ಲ. 1971ರ ಮಾರ್ಚ್‌ನಲ್ಲಿ ಆಸಿಫ್ ತೀರಿಕೊಂಡ್ರು, 48 ವರ್ಷ. ನಿರ್ದೇಶಕರಾಗಿ ಅವರ ಕೈಯಲ್ಲಿ ಮುಗಿದ ಸಿನಿಮಾ ಒಟ್ಟು ಎರಡೇ. ‘ಲವ್ ಅಂಡ್ ಗಾಡ್’ ಅನ್ನ ಅವರ ಪತ್ನಿ ಅಖ್ತರ್ ಆಸಿಫ್, ಇದ್ದಬದ್ದ ರೀಲುಗಳನ್ನ ಜೋಡಿಸಿ 1986ರಲ್ಲಿ ಬಿಡುಗಡೆ ಮಾಡಿದ್ರು. ಅಷ್ಟೊತ್ತಿಗೆ ಸಂಜೀವ್ ಕುಮಾರ್ ಕೂಡ ಇರಲಿಲ್ಲ. ಅರ್ಧಂಬರ್ಧ ಸಿನಿಮಾ, ಯಾರೂ ಹೆಚ್ಚಿಗೆ ನೋಡಲಿಲ್ಲ. ಆದ್ರೆ ಅಖ್ತರ್ ಅವರು ಅದನ್ನ ಡಬ್ಬದಲ್ಲೇ ಬಿಟ್ಟಿದ್ರೆ ಸರಿಯಿತ್ತು ಅನ್ನೋಕೆ ನನಗೆ ಮನಸ್ಸು ಬರಲ್ಲ.

ಸರಿ, ನನ್ನ 23 ಎಪಿಸೋಡ್. ಲೆಕ್ಕ ಹಾಕಿ ನೋಡಿದೆ. ಇಟ್ಟುಕೊಳ್ಳೋಕೆ ಖರ್ಚು ಹೆಚ್ಚುಕಡಿಮೆ ಇಲ್ಲ. ತೆಗೆದ್ರೆ ಸ್ಪಾನ್ಸರ್ ಸಿಗಬಹುದು, ಆರು ತಿಂಗಳ ಬಾಡಿಗೆ ಆಗುತ್ತೆ, ಸುಳ್ಳು ಹೇಳಲ್ಲ. ಅವುಗಳಲ್ಲಿ ಎರಡು ಎಪಿಸೋಡಲ್ಲಿ ಇಸವಿಗಳೇ ತಪ್ಪು. ಅವನ್ನ ತೆಗೆದೆ, ಕಾರಣ ಬರೆದು ಹಾಕಿದ್ದೀನಿ. ತಪ್ಪು ಇತಿಹಾಸ ಇಟ್ಟುಕೊಂಡು ಕೂರೋದಕ್ಕೆ ಯಾವ ನೆವವೂ ಇಲ್ಲ. ಉಳಿದ 21 ಕೆಟ್ಟ ಆಡಿಯೋ, ಆದ್ರೆ ಸುಳ್ಳಿಲ್ಲ. ಹೊಸಬರಿಗೆ ಇಲ್ಲಿಂದ ಶುರು ಮಾಡಿ ಅಂತ 24ನೇದನ್ನ ಮೇಲೆ ಪಿನ್ ಮಾಡಿದ್ದೀನಿ.

ಗೆಳೆಯನಿಗೂ ಫೋನ್ ಮಾಡಿದೆ. ದುಡ್ಡಿನ ವಿಷಯಕ್ಕೆ ಜಗಳ ಆಗಿ ಅವನು ಬಿಟ್ಟು ಹೋಗಿದ್ದು, ಈಗ ಪುಣೆಯಲ್ಲಿ ಆಡಿಟ್ ಕೆಲಸ. ಎರಡು ವರ್ಷದಿಂದ ಹಬ್ಬಕ್ಕೊಂದು ಮೆಸೇಜ್ ಬಿಟ್ರೆ ಮಾತಿರಲಿಲ್ಲ. ಹೀಗೀಗೆ ಕಣೋ, ನಿನ್ನ ಧ್ವನಿ ಇರೋದನ್ನೆಲ್ಲ ತೆಗೀಬೇಕಾ ಅಂತ ಯೋಚನೆ ಮಾಡ್ತಿದ್ದೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ತೆಗಿ ಮಾರಾಯ, ನನಗೇನು, ನಿನ್ನದೇ ಅಲ್ವಾ ಈಗ ಅಂದ. ಆಮೇಲೆ ಫೋನಿಡೋ ಮುಂಚೆ, ಒಂಬತ್ತನೇದು ಮಾತ್ರ ಇರಲಿ ಕಣೋ, ಅಮ್ಮ ಅಡುಗೆ ಮಾಡ್ತಾ ಈಗಲೂ ಹಾಕ್ಕೊಂಡು ಕೇಳ್ತಾರೆ ಅಂದ.

ಒಂಬತ್ತನೇದು ಹಾಕಿ ಕೇಳಿದೆ. ಹನ್ನೊಂದನೇ ನಿಮಿಷಕ್ಕೆ ಕುಕ್ಕರ್ ಕೂಗುತ್ತೆ, ನಾವಿಬ್ಬರೂ ನಗ್ತೀವಿ.